ದಾರಿಗೆ ತಕ್ಕ ಯಂತ್ರ

ಧರ್ಮಪುರಿ, ಸೇಲಂ ಜಿಲ್ಲೆಗಳ ನಮ್ಮ ಹಳ್ಳಿಗಳಲ್ಲಿ ಮಣ್ಣು ತೋಡುವ ಹಳದಿ ಬಣ್ಣದ ಯಂತ್ರ ಯಾವುದೇ ಬರಲಿ, ಅದರ ಹೆಸರು ಜೆಸಿಬಿ. ತಮಿಳರು, ಕನ್ನಡಿಗರು, ತೆಲುಗರು ಎಂಬ ಭೇದವಿಲ್ಲದೆ ಎಲ್ಲರೂ ಒಪ್ಪಿಕೊಂಡಿರುವ ಶಬ್ದಗಳಲ್ಲಿ ಇದೂ ಒಂದು. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲೆಂಡಿನ ಗೃಹಸ್ಥನೊಬ್ಬನು 1945ರಲ್ಲಿ ಸಣ್ಣದೊಂದು ಗ್ಯಾರೇಜನ್ನು ಬಾಡಿಗೆಗೆ ಹಿಡಿದು, ಹೊಲದ ಕೆಲಸಕ್ಕೆ ಬರುವ ಟ್ರೇಲರನ್ನು ಮಾಡಿ ಮಾರಿದನು. ಆತನ ಹೆಸರಿನ ಮೊದಲಕ್ಷರಗಳೇ ಇಂದು ನಮ್ಮ ಹಳ್ಳಿಯ ಮಕ್ಕಳ ಬಾಯಲ್ಲಿವೆ. ಹೆಸರು ಒಂದೇ ಆದುದರಿಂದಲೋ ಏನೋ, ಮಣ್ಣಿನ ಕೆಲಸವೆಂದರೆ ಅದಕ್ಕಿರುವುದು ಅದೊಂದೇ ಯಂತ್ರ ಎಂಬ ಭಾವನೆಯೂ ನಮ್ಮಲ್ಲಿ ಬೇರೂರಿದೆ. ಪಾಯ ತೋಡುವುದಕ್ಕೂ ಅದೇ, ಮರದ ಬೊಡ್ಡೆ ಕೀಳುವುದಕ್ಕೂ ಅದೇ, ಮನೆಗೆ ಹೋಗುವ ದಾರಿಯನ್ನು ಹಸನು ಮಾಡುವುದಕ್ಕೂ ಅದೇ. ಈ ಕೊನೆಯ ಕೆಲಸಕ್ಕೆ ಅದು ತಕ್ಕುದೇ ಎಂದು ವಿಚಾರ ಮಾಡಬೇಕಾದ ಸಂದರ್ಭವೊಂದು ನಮ್ಮ ಮನೆಯಲ್ಲಿಯೇ ಒದಗಿತು.

ನಮ್ಮ ಮನೆ ಪೆನ್ನಾಗರದ ಕಡೆ, ಊರಿನಿಂದ ಕೊಂಚ ದೂರದಲ್ಲಿ, ಬೆದ್ದಲು ಹೊಲಗಳ ನಡುವೆ ಇದೆ. ಡಾಂಬರು ರಸ್ತೆಯಿಂದ ಅಂಗಳದವರೆಗೆ 300 ಅಡಿ ಉದ್ದ, 10 ಅಡಿ ಅಗಲದ ಮಣ್ಣಿನ ದಾರಿ. ತಂದೆಯವರ ಕಾಲದಲ್ಲಿ ಎತ್ತಿನ ಗಾಡಿಗೆ ಅದು ಧಾರಾಳವಾಗಿ ಸಾಕಾಗಿತ್ತು. ಆದರೆ 2021ರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ಮೇಲೆ, ತಿಂಗಳಿಗೆರಡು ಸಲ ಅವರನ್ನು ಧರ್ಮಪುರಿಗೆ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಮರುವರ್ಷ ಹಸ್ತ, ಚಿತ್ತೆ ಮಳೆಗಳು ಹಿಡಿದಾಗ ಆಟೋದವರು ರಸ್ತೆಯಲ್ಲಿಯೇ ನಿಂತುಬಿಟ್ಟರು. ಮೇಲೆ ಬಂದರೆ ಗಾಡಿ ಹೂತುಹೋಗುತ್ತದೆಂಬ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನೂ ತಮ್ಮನೂ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿದೆವು. ನಡುದಾರಿಯಲ್ಲಿ ತಮ್ಮನ ಕಾಲು ಜಾರಿತು. ಅಮ್ಮ ಕೂಗಲಿಲ್ಲ, ಸ್ವಾಧೀನವಿದ್ದ ಒಂದು ಕೈಯಿಂದ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದರು.

"ಅಣ್ಣಾ, ಮಳೆ ನಿಂತ ಕೂಡಲೆ ಒಂದು ಗಂಟೆ ಜೆಸಿಬಿ ಕರೆದುಬಿಡೋಣ, ಎಲ್ಲ ಸಮ ಆಗಿಹೋಗುತ್ತೆ" ಎಂದನು ತಮ್ಮ. ಅವನ ಆತುರ ನನಗೂ ಇತ್ತು. ಆದರೆ ನಮ್ಮ ಮನೆಯಿಂದ ಒಂದು ಹೊಲದಾಚೆ ಇರುವವರು ಹಾಗೆಯೇ ಮಾಡಿಸಿದ್ದುದನ್ನು ನಾನು ನೋಡಿದ್ದೆನು. ಹೊಂಡಗಳನ್ನು ಮುಚ್ಚಲು ಬೇರೆ ಮಣ್ಣು ತರಿಸದೆ, ಹೊಂಡದ ಆಳದವರೆಗೆ ದಾರಿಯನ್ನೆಲ್ಲ ಕೆರೆಸಿ ಸಮ ಮಾಡಿಸಿದರು. ಆ ದಿನ ನೋಡುವುದಕ್ಕೆ ಹಲಗೆಯಂತೆ ಚೆನ್ನಾಗಿತ್ತು. ಆದರೆ ದಾರಿ ಎರಡೂ ಕಡೆಯ ಹೊಲಗಳಿಗಿಂತ ಒಂದಡಿ ತಗ್ಗಿಗೆ ಹೋಯಿತಷ್ಟೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಹಳ್ಳವಾಗಿ, ಪಕ್ಕದವರ ಬದುವೂ ಕುಸಿದು, ಮಾತಿಗೆ ಮಾತು ಬೆಳೆಯಿತು. ಅವರು ಇಂದಿಗೂ ಯಂತ್ರವನ್ನೇ ದೂರುತ್ತಾರೆ. ಯಂತ್ರವಾದರೋ ತನಗೆ ಹೇಳಿದುದನ್ನು ಚಾಚೂ ತಪ್ಪದೆ ಮಾಡಿ ಹೋಗಿತ್ತು.

ಮಣ್ಣಿನ ದಾರಿಯ ಮುಖ್ಯ ಶತ್ರು ನೀರು. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ (1756-1836) ರಸ್ತೆಗಳನ್ನು ಕುರಿತು ಹೇಳಿದುದರ ತಿರುಳೂ ಇದೇ: ನೆಲವನ್ನು ಒಣಗಿರುವಂತೆ ನೋಡಿಕೊಂಡರೆ ಅದು ಎಂಥ ಭಾರವನ್ನಾದರೂ ಹೊರುತ್ತದೆ. ನೀರು ನಿಲ್ಲದಿರಬೇಕಾದರೆ ದಾರಿಯ ನಡು ಆಮೆಯ ಬೆನ್ನಿನಂತೆ ಎದ್ದಿರಬೇಕು, ಎರಡು ಅಂಚುಗಳಲ್ಲಿ ಕಾಲುವೆ ಇರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸು ಮಣ್ಣಿನ ರಸ್ತೆಗೆ ನೂರಕ್ಕೆ 3ರಿಂದ 4ರಷ್ಟು ಅಡ್ಡ ಇಳಿಜಾರನ್ನು ವಿಧಿಸಿದೆ. ನಮ್ಮ ದಾರಿಯ ಅರ್ಧ ಅಗಲ 5 ಅಡಿ, ಎಂದರೆ 60 ಅಂಗುಲ. ಅದರ ನೂರರ ನಾಲ್ಕು ಭಾಗ ಸುಮಾರು ಎರಡೂವರೆ ಅಂಗುಲ. ಇಷ್ಟೇ ಉಬ್ಬು ಬೇಕಾದದ್ದು. ಹೀಗಾಗಿ ನಮ್ಮ ಪ್ರಶ್ನೆ ಬೇರೆಯಾಯಿತು. ಯಾವ ಯಂತ್ರಕ್ಕೆ ಹೆಚ್ಚು ಬಲವಿದೆ ಎಂದು ಕೇಳುವುದನ್ನು ಬಿಟ್ಟು, ಈ ಎರಡೂವರೆ ಅಂಗುಲವನ್ನು ಯಾವುದು ತಂದುಕೊಡಬಲ್ಲದು ಎಂದು ಕೇಳತೊಡಗಿದೆವು.

ಉದ್ದದ ಇಳಿಜಾರನ್ನು ಗಾರೆಯವರ ನೀರಿನ ಟ್ಯೂಬಿನಿಂದ ನಾವೇ ಅಳೆದೆವು. 300 ಅಡಿಗೆ 12 ಅಡಿ ಇಳಿತ, ಎಂದರೆ 25 ಅಡಿಗೆ ಒಂದಡಿ. ಐದನೆಯ ತರಗತಿಯ ಹುಡುಗರಿಗೂ ಇದು ಒಳ್ಳೆಯ ಲೆಕ್ಕ. ಉದ್ದಕ್ಕೂ ಇಷ್ಟು ಇಳಿಜಾರಿರುವ ಕಡೆ ಆಮೆಬೆನ್ನೊಂದೇ ಸಾಲದು. ನೀರನ್ನು ನಡುನಡುವೆ ಪಕ್ಕಕ್ಕೆ ತಿರುಗಿಸುವ ಓರೆಗಟ್ಟೆಗಳೂ ಬೇಕು.

ಇನ್ನು ಯಂತ್ರಗಳ ವಿಚಾರ. ಜೆಸಿಬಿ ಎಂದು ನಾವು ಕರೆಯುವ ಯಂತ್ರಕ್ಕೆ ಮುಂದೆ ಮಣ್ಣು ತುಂಬುವ ಬಕೆಟ್ಟು, ಹಿಂದೆ ತೋಡುವ ತೋಳು. ತೂಕ ಏಳು ಟನ್ನಿಗೂ ಮೇಲೆ. ಮುಂದಿನ ಬಕೆಟ್ಟಿನ ಅಗಲ ಏಳು ಅಡಿಗಿಂತ ಹೆಚ್ಚು. ಹಿಂದಿನ ತೋಳು ಹದಿನಾಲ್ಕು ಅಡಿಗೂ ಆಳಕ್ಕೆ ಇಳಿಯಬಲ್ಲದು. ಬಂಡೆ ಎಬ್ಬಿಸಲು, ಮಣ್ಣು ತುಂಬಲು ಅದಕ್ಕೆ ಸಮಾನವಾದುದು ನಮ್ಮ ಕಡೆ ಇಲ್ಲ. ಆದರೆ ಅದರ ಮುಂದಿನ ಬಕೆಟ್ಟು ಮೇಲೆ ಕೆಳಗೆ ಆಡುತ್ತದೆ, ಮುಂದಕ್ಕೆ ಹಿಂದಕ್ಕೆ ಬಾಗುತ್ತದೆ. ಎಡಕ್ಕೆ ಬಲಕ್ಕೆ ಓರೆಯಾಗುವುದಿಲ್ಲ. ಆದುದರಿಂದ ಅದು ಕೆರೆದ ದಾರಿ ಚಪ್ಪಟೆಯಾಗುತ್ತದೆಯೇ ಹೊರತು ಬೆನ್ನು ಏಳುವುದಿಲ್ಲ. ಬಹಳ ನುರಿತ ಚಾಲಕನು ಹೇಗೋ ಸಾಧಿಸಿಯಾನು. ಗಂಟೆಯ ಬಾಡಿಗೆಗೆ ಬಂದು ಮುಂದಿನ ಊರಿಗೆ ಓಡಬೇಕಾದವನಲ್ಲಿ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಸೇಲಂನಲ್ಲಿ ಕಾರ್ಖಾನೆಯೊಂದರಲ್ಲಿರುವ ನಮ್ಮ ಬಂಧುಗಳು ಬಾಬ್‌ಕ್ಯಾಟ್ ಎಂಬ ಗಿಡ್ಡ ಯಂತ್ರದ ಮಾತೆತ್ತಿದರು. ಇದರ ಹುಟ್ಟು ಸ್ವಾರಸ್ಯವಾದುದು. 1957ರಲ್ಲಿ ಅಮೆರಿಕೆಯ ಮಿನ್ನೆಸೋಟಾದಲ್ಲಿ ಕೆಲ್ಲರ್ ಎಂಬ ಅಣ್ಣತಮ್ಮಂದಿರು, ಟರ್ಕಿ ಕೋಳಿ ಸಾಕುತ್ತಿದ್ದ ಒಬ್ಬನ ಕೊಟ್ಟಿಗೆಯ ಕಸ ತೆಗೆಯಲು ಮೂರು ಗಾಲಿಯ ಸಣ್ಣ ಯಂತ್ರವೊಂದನ್ನು ಕಟ್ಟಿಕೊಟ್ಟರು. ಅದೇ ಮುಂದೆ ನಾಲ್ಕು ಗಾಲಿಯದಾಗಿ ಲೋಕಪ್ರಸಿದ್ಧವಾಯಿತು. ಇಕ್ಕಟ್ಟಿನಲ್ಲಿ ನಿಂತಲ್ಲೇ ತಿರುಗುವುದು ಅದರ ಹೆಚ್ಚುಗಾರಿಕೆ. ಆದರೆ ಅದು ತಿರುಗುವುದು ಒಂದು ಬದಿಯ ಗಾಲಿಗಳನ್ನು ತಡೆದು ಇನ್ನೊಂದು ಬದಿಯವನ್ನು ಓಡಿಸಿ. ಗಾಲಿಗಳು ಮಣ್ಣನ್ನು ಉಜ್ಜಿಕೊಂಡೇ ತಿರುಗಬೇಕು. ಸಿಮೆಂಟು ನೆಲದ ಕಾರ್ಖಾನೆಗೆ ಒಪ್ಪುವ ಆ ಗುಣ, ಆಗತಾನೆ ಹದಗೊಳಿಸಿದ ಗರಸಿಗೆ ಒಪ್ಪುವುದಿಲ್ಲ. ರಬ್ಬರ್ ಪಟ್ಟಿಯ ಮೇಲೆ ತೆವಳುವ ಮಿನಿ ಅಗೆತದ ಯಂತ್ರ ಕಾಲುವೆ ತೋಡಲು ಬಹು ಅನುಕೂಲವಾದುದು. ಆದರೆ ದೂರ ನಡೆಯಲಾರದು, ಲಾರಿಯಲ್ಲಿ ಹೊತ್ತು ತರಬೇಕು. 300 ಅಡಿಯ ದಾರಿಗಾಗಿ ಲಾರಿಗೂ ಬಾಡಿಗೆ ತೆರುವುದು ನಮಗೆ ಹೊರೆಯೆನಿಸಿತು.

ಹೊಸೂರಿನಲ್ಲಿರುವ ಸೋದರಮಾವನವರ ಸಲಹೆ ಮತ್ತೊಂದು ಬಗೆಯದು: ಬಾಡಿಗೆಯೇ ಏಕೆ, ಒಂದು ಮಿನಿ ಟ್ರ್ಯಾಕ್ಟರನ್ನೇ ಕೊಂಡುಬಿಡಿ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಸಂಸ್ಥೆಯ ಟ್ರ್ಯಾಕ್ಟರ್ ಕಾರ್ಖಾನೆ ಅವರ ಊರಿನಲ್ಲಿಯೇ ಇರುವುದರಿಂದ ಅವರಿಗೆ ಅದರ ಮೇಲೆ ಅಭಿಮಾನ. ಉಳಲು, ಸಾಗಿಸಲು, ಅಂಗಳ ಹಸನು ಮಾಡಲು ಸಣ್ಣ ಟ್ರ್ಯಾಕ್ಟರು ಒಳ್ಳೆಯದೇ. ಆದರೆ ಹಗುರವಾದ ಯಂತ್ರದ ಹಿಂದಿನ ಅಲಗು ಗಟ್ಟಿ ನೆಲದ ಮೇಲೆ ಕಚ್ಚದೆ ಜಾರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡು ಎಕರೆ ಬೆದ್ದಲಿನವನು ವರ್ಷಕ್ಕೆ ಹತ್ತು ದಿನದ ಕೆಲಸಕ್ಕಾಗಿ ಸಾಲದಲ್ಲಿ ಯಂತ್ರ ಕೊಂಡರೆ, ಉಳಿದ ದಿನಗಳಲ್ಲಿ ಆ ಯಂತ್ರಕ್ಕಾಗಿ ತಾನು ದುಡಿಯಬೇಕಾಗುತ್ತದೆ. ಹತ್ತು ಎಕರೆ ತೋಟವಿರುವವರ ಲೆಕ್ಕ ಬೇರೆ. ತಮಿಳುನಾಡಿನ ಕೃಷಿ ಎಂಜಿನಿಯರಿಂಗ್ ಇಲಾಖೆಯೂ ರೈತರಿಗೆ ಟ್ರ್ಯಾಕ್ಟರು, ಬುಲ್‌ಡೋಜರುಗಳನ್ನು ಗಂಟೆಯ ಬಾಡಿಗೆಗೆ ಒದಗಿಸುತ್ತದೆ. ಹೊಲದ ಕೆಲಸವೂ ಇರುವವರು ವಿಚಾರಿಸಿ ನೋಡಬಹುದು.

ಕೊನೆಗೆ ನಮಗೆ ಒಪ್ಪಿಗೆಯಾದುದು, ದಿನವೂ ಕಣ್ಣೆದುರಿಗೆ ಓಡಾಡುತ್ತಿದ್ದ ಊರಿನ ಟ್ರ್ಯಾಕ್ಟರೇ. ಅದರ ಹಿಂದೆ ಮೂರು ಕೊಂಡಿಗಳಿರುವುದನ್ನು ಎಲ್ಲರೂ ನೋಡಿರುತ್ತೇವೆ. ಹ್ಯಾರಿ ಫರ್ಗ್ಯುಸನ್ ಎಂಬಾತನು ರೂಢಿಗೆ ತಂದ ಏರ್ಪಾಡು ಅದು. ಬಲಗಡೆಯ ಎತ್ತುಗೋಲಿಗೆ ತಿರುಗಿಸುವ ಹಿಡಿಯೊಂದುಂಟು. ಅದನ್ನು ತಿರುಗಿಸಿದರೆ ಹಿಂದೆ ಕಟ್ಟಿದ ಅಲಗಿನ ಒಂದು ತುದಿ ಇಳಿದು ಇನ್ನೊಂದು ತುದಿ ಏಳುತ್ತದೆ. ಅಲಗನ್ನು ಓರೆಯಾಗಿ ತಿರುಗಿಸಿ ಕಟ್ಟಲೂ ಬರುತ್ತದೆ. ಅಂಚಿನ ಕಡೆಯ ತುದಿಯನ್ನು ತಗ್ಗಿಸಿ, ಮಣ್ಣು ನಡುವಿಗೆ ಹರಿದುಬರುವಂತೆ ಓರೆ ಮಾಡಿ, ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ ಎಳೆದರೆ ಆಮೆಬೆನ್ನು ತಾನಾಗಿ ಏಳುತ್ತದೆ. ನಾವು ಹುಡುಕುತ್ತಿದ್ದ ಎರಡೂವರೆ ಅಂಗುಲ ಆ ಸಣ್ಣ ಹಿಡಿಯಲ್ಲಿ ಅಡಗಿತ್ತು.

ಗರಸಿನ ಲೆಕ್ಕ ಹೀಗೆ: 300 ಅಡಿ ಉದ್ದ, 10 ಅಡಿ ಅಗಲ, ನಾಲ್ಕು ಅಂಗುಲ ಎಂದರೆ ಅಡಿಯ ಮೂರನೆಯ ಒಂದು ಭಾಗ ದಪ್ಪ, ಒಟ್ಟು 1000 ಘನ ಅಡಿ. ನಮ್ಮ ಕಡೆ 100 ಘನ ಅಡಿಗೆ ಒಂದು ಯೂನಿಟ್. ತಂದು ಸುರಿದ ಸಡಿಲ ಗರಸು ತುಳಿತಕ್ಕೆ ಕುಗ್ಗುವುದರಿಂದ ಕಾಲು ಭಾಗ ಹೆಚ್ಚಿಗೆ ಹಿಡಿಯಬೇಕು. ಮೂರು ಯೂನಿಟ್ಟಿನ ಟಿಪ್ಪರಿನಲ್ಲಿ ನಾಲ್ಕು ಲೋಡು ತರಿಸಿದೆವು. ತರಿಸುವವರು ಕ್ವಾರಿಯ ಪರವಾನೆ ಚೀಟಿಯನ್ನು ಕೇಳಿ ನೋಡುವುದು ಒಳ್ಳೆಯದು.

2023ರ ಸಂಕ್ರಾಂತಿ ಕಳೆದ ವಾರ ಕೆಲಸ ಹಿಡಿದೆವು. ಹಿಂಗಾರಿನ ತೇವ ನೆಲದೊಳಗೆ ಇನ್ನೂ ಉಳಿದಿರುವ ಆ ಕಾಲವೇ ಇದಕ್ಕೆ ಸರಿಯಾದುದು. ಮೊದಲು ಕಲ್ಟಿವೇಟರಿನಿಂದ ಹಳೆಯ ದಾರಿಯನ್ನು ಮೂರು ಅಂಗುಲದಷ್ಟು ಸಡಿಲಿಸಿದೆವು. ಹಾಗೆ ಮಾಡದಿದ್ದರೆ ಹೊಸ ಗರಸು ಹಳೆಯದರೊಡನೆ ಬೆರೆಯದೆ ಹಪ್ಪಳದಂತೆ ಏಳುತ್ತದೆ. ತಿರುವಿನಲ್ಲಿ ಅರ್ಧ ಹೂತುಕೊಂಡಿದ್ದ ಬಂಡೆಯೊಂದು ಮಾತ್ರ ಟ್ರ್ಯಾಕ್ಟರಿಗೆ ಬಗ್ಗಲಿಲ್ಲ. ಅದಕ್ಕಾಗಿ ಜೆಸಿಬಿಯನ್ನೇ ಕರೆಸಿದೆವು. ತಮ್ಮನ ಮುಖ ಅರಳಿತು. ಕನಿಷ್ಠ ಬಾಡಿಗೆ ಒಂದು ಗಂಟೆಯದು. ಬಂಡೆ ಹನ್ನೆರಡು ನಿಮಿಷಕ್ಕೆ ಎದ್ದುಬಂತು. ಉಳಿದ ಹೊತ್ತಿನಲ್ಲಿ ಗರಸಿನ ಗುಡ್ಡೆಗಳನ್ನು ದಾರಿಯುದ್ದಕ್ಕೂ ಹರಡಿಸಿಕೊಂಡೆವು. ಅಷ್ಟರಲ್ಲಿ ಊರಿನ ಮಕ್ಕಳೆಲ್ಲ ಅಲ್ಲಿ ನೆರೆದಿದ್ದರು. ನಾಲ್ಕು ಗೆರೆ ಓದಲು ಆಕಳಿಸುವ ಹುಡುಗನು ಈ ಯಂತ್ರದ ಮುಂದೆ ರೆಪ್ಪೆ ಬಡಿಯದೆ ನಿಲ್ಲುತ್ತಾನೆ! ಅವರನ್ನು ತೋಳಿನ ಸುತ್ತಳತೆಯಿಂದ ಆಚೆ ನಿಲ್ಲಿಸುವುದೇ ನನ್ನ ಆ ಹೊತ್ತಿನ ಉದ್ಯೋಗವಾಯಿತು. ತೋಳು ಎತ್ತುವಾಗ ಮೇಲಿನ ವಿದ್ಯುತ್ ತಂತಿಯ ಮೇಲೂ ಒಂದು ಕಣ್ಣಿರಬೇಕು.

ಕಾಲುವೆಗಳನ್ನು ಮಾತ್ರ ಯಂತ್ರಕ್ಕೆ ಬಿಡಲಿಲ್ಲ. ಒಂದು ಕಡೆ ಪಕ್ಕದವರ ಬದು, ಇನ್ನೊಂದು ಕಡೆ ತಂದೆಯವರು ನೆಟ್ಟ ಹುಣಸೆಯ ಬೇರು. ಇಬ್ಬರು ಆಳುಗಳು ಗುದ್ದಲಿ, ಹಾರೆಗಳಿಂದ ಎರಡು ದಿನ ತೋಡಿದರು. ಬೇರು ಬಂದ ಕಡೆ ಕಾಲುವೆಯನ್ನು ಬಳಸಿ ಒಯ್ದರು.

ಗಟ್ಟಿ ಮಾಡುವ ವಿದ್ಯೆಯಲ್ಲಿ ನಮಗೆ ಗುರುವಾದವರು ಅಮ್ಮನೇ. ರಾಗಿಯ ಕಣ ಮಾಡುವುದನ್ನು ಅವರಿಗಿಂತ ಬಲ್ಲವರು ಮನೆಯಲ್ಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ತೊದಲುವ ಮಾತಿನಲ್ಲಿಯೇ, "ಒಂದು ಹಿಡಿ ಮಣ್ಣು ತಂದು ಕೈಗೆ ಕೊಡಪ್ಪಾ" ಎಂದರು. ಹಿಡಿದಾಗ ಉಂಡೆಯಾಗಬೇಕು, ಕೈಗೆ ನೀರು ಅಂಟಬಾರದು, ಬೆರಳಿನಿಂದ ಒತ್ತಿದರೆ ಉಂಡೆ ಒಡೆಯಬೇಕು. ಎರಡು ಸಲ "ಇನ್ನೂ ನೀರು" ಎಂದು ತಲೆಯಾಡಿಸಿದರು, ಮೂರನೆಯ ಸಲ "ಸರಿ" ಎಂದರು. ಮಣ್ಣು ಚೆನ್ನಾಗಿ ಒತ್ತಿಕೊಳ್ಳಲು ಇಂತಿಷ್ಟೇ ತೇವ ಬೇಕೆಂಬುದನ್ನು ಅಮೆರಿಕೆಯ ಪ್ರಾಕ್ಟರ್ ಎಂಬ ಎಂಜಿನಿಯರು 1933ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು; ಆ ಪರೀಕ್ಷೆಗೆ ಇಂದಿಗೂ ಅವನ ಹೆಸರಿದೆ. ಕಣ ಮಾಡುವವರ ಕೈಗೂ ಆ ಹದ ಗೊತ್ತಿದೆ. ಟ್ಯಾಂಕರಿನಿಂದ ನೀರು ಚಿಮುಕಿಸಿ, ಕಲ್ಲು ತುಂಬಿದ ಟ್ರೇಲರನ್ನು ಪ್ರತಿ ಸಲ ಒಂದು ಗಾಲಿಯ ಅಗಲದಷ್ಟು ಸರಿಸುತ್ತ ಓಡಿಸಿದೆವು. ಮೇಲ್ಮೈ ನಯವಾಗಲೆಂದು ಕೊನೆಗೆ ಹಳೆಯ ರಾಗಿ ಗುಂಡನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದೆವು. ಮೂರಡಿ ಉದ್ದ, ಒಂದೂಮುಕ್ಕಾಲು ಅಡಿ ಅಡ್ಡಗಲದ ಆ ಕಲ್ಲಿನ ಗುಂಡು ಅರ್ಧ ಟನ್ನಿಗೂ ತುಸು ಹೆಚ್ಚು ತೂಗುತ್ತದೆ.

"ಮೇಷ್ಟ್ರೆ, ಇಷ್ಟು ಕೆಲಸ ರಸ್ತೆ ಕಂಟ್ರಾಕ್ಟರೂ ಮಾಡಿಸಲ್ಲ" ಎಂದು ಟ್ರ್ಯಾಕ್ಟರಿನ ಅಣ್ಣ ನಕ್ಕನು. ಎಲ್ಲ ಸೇರಿ ಟ್ರ್ಯಾಕ್ಟರಿನ ಆರು ಗಂಟೆ, ಜೆಸಿಬಿಯ ಒಂದು ಗಂಟೆ, ಟ್ಯಾಂಕರು ಎರಡು, ನಾಲ್ಕು ಆಳುಗೂಲಿ. ಗಂಟೆಯ ಲೆಕ್ಕಕ್ಕೆ ಯಂತ್ರದ ಮೀಟರನ್ನು ಮೊದಲಲ್ಲೂ ಕೊನೆಯಲ್ಲೂ ನೋಡಿ ಬರೆದಿಟ್ಟುಕೊಂಡದ್ದರಿಂದ ಯಾರಿಗೂ ಮನಸ್ತಾಪವಾಗಲಿಲ್ಲ.

ಆ ವರ್ಷದ ಹಸ್ತದ ಮಳೆಯಲ್ಲಿ ಕಾಲುವೆಗಳು ಕೆಂಪಗೆ ಹರಿದವು. ದಾರಿಯ ಬೆನ್ನು ಮಾತ್ರ ಅಷ್ಟಾಗಿ ನೆನೆಯಲಿಲ್ಲ. ಆಸ್ಪತ್ರೆಯ ದಿನ ಆಟೋ ಅಂಗಳದವರೆಗೆ ಬಂದು ತಿರುಗಿ ನಿಂತಿತು. ಪ್ರತಿ ವರ್ಷ ಸ್ವಾತಿ ಮಳೆ ಕಳೆದ ಮೇಲೆ ಅರ್ಧ ಗಂಟೆ ಅಲಗು ಎಳೆಸಿ, ಕಾಲುವೆಯ ಹೂಳು ತೆಗೆಸುತ್ತೇವೆ. ಮೇಲಿನಿಂದ ಎರಡನೆಯ ಓರೆಗಟ್ಟೆ ಈಗ ಸವೆದಿದೆ. ಮಾರ್ಗಶಿರದಲ್ಲಿ ಬರುವಂತೆ ಟ್ರ್ಯಾಕ್ಟರಿನವನಿಗೆ ಹೇಳಿಟ್ಟಿದ್ದೇನೆ. ಅರ್ಧ ಲೋಡು ಗರಸು ಸಾಕಾಗಬಹುದು.