ನೆಲ್ಯಹುದಿಕೇರಿಯಲ್ಲಿ ಹುಳಿಯೇ ಹೀರೋ!

ಕುಶಾಲನಗರದಲ್ಲಿ ಸಿದ್ದಾಪುರದ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದಿರೋ, ಆಮೇಲೆ ಯಾವ ಔಟ್‌ಡೋರ್ ಶೂಟಿಂಗೂ ಬೇಡ. ಗುಡ್ಡೆಹೊಸೂರು, ನಂಜರಾಯಪಟ್ಟಣ ದಾಟುತ್ತಿದ್ದಂತೆ ಎರಡೂ ಕಡೆ ಕಾಫಿ ತೋಟ, ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ಎಲೆಗಳ ಸಂದಿಯಲ್ಲಿ ಆಗಾಗ ಕಣ್ಣು ಹೊಡೆಯುವ ಕಾವೇರಿ! ಸೇತುವೆಗೆ ಮೊದಲು ಸಿಗುವ ಊರೇ ನೆಲ್ಯಹುದಿಕೇರಿ. ಸೇತುವೆ ದಾಟಿದರೆ ಸಿದ್ದಾಪುರ. ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಕನ್ನಡ, ಮಲಯಾಳ, ಕೊಡವ ತಕ್ಕ್, ತಮಿಳು ನಾಲ್ಕೂ ಕಿವಿಗೆ ಬೀಳುತ್ತವೆ. ನೋಡಲು ಸೌಮ್ಯವಾಗಿರುವ ಈ ನದಿಯೇ 2019ರ ಆಗಸ್ಟ್‌ನಲ್ಲಿ ಉಕ್ಕಿ ದಡದ ಎಷ್ಟೋ ಮನೆಗಳನ್ನು ನುಂಗಿತ್ತು. ಮಳೆ ಅಂದರೆ ಇಲ್ಲಿ ಬರೀ ಹಾಡಿನ ಸೀನಲ್ಲ, ಸ್ವಾಮಿ.

ನಾನು ಹೋಗಿದ್ದು ಗೆಳೆಯನ ಸೋದರಮಾವನ ಮನೆಗೆ. ಚೀಲದಲ್ಲಿ ಒಂದು ಸೀಸೆ ಇತ್ತು. ನಂದಿಬೆಟ್ಟದ ಸೀಮೆಯ ಬಿಳಿ ವೈನ್, ಸೊವಿನ್ಯೋಂ ಬ್ಲಾಂ ಎಂಬ ದ್ರಾಕ್ಷಿಯದ್ದು. ‘ಡ್ರೈ’ ಜಾತಿ.

‘ಕೊಡಗಿಗೆ ವೈನ್ ಹೊತ್ತುಕೊಂಡು ಹೋಗೋದಾ?’ ಎಂದು ನೀವು ನಗಬಹುದು. ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ‘ಹೋಮ್ ಮೇಡ್ ವೈನ್’ ಬೋರ್ಡಿಗೇನು ಬರವೇ? ನೆಲ್ಲಿಕಾಯಿ, ಶುಂಠಿ, ಪ್ಯಾಶನ್ ಫ್ರೂಟ್, ವೀಳ್ಯದೆಲೆ... ಯಾವುದನ್ನೂ ಬಿಟ್ಟಿಲ್ಲ! ಆದರೆ ಬಹುಪಾಲು ಸಿಹಿಯೋ ಸಿಹಿ. ಅದನ್ನು ಕುಡಿದು ಬೆಳೆದ ನಾಲಿಗೆಗೆ ಡ್ರೈ ವೈನ್ ಕೊಟ್ಟರೆ ‘ಥೂ, ಹುಳಿ! ಕೆಟ್ಟು ಹೋಗಿದೆ’ ಎಂಬ ತೀರ್ಪು ಗ್ಯಾರಂಟಿ. ಆ ತೀರ್ಪಿನ ವಿರುದ್ಧ ಅಪೀಲು ಹಾಕಲೆಂದೇ ಈ ಲೇಖನ.

ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಸಿಹಿ ವೈನ್ ಅಂದರೆ ಫಾರ್ಮುಲಾ ಪಿಕ್ಚರ್. ಆರು ಹಾಡು, ನಾಲ್ಕು ಫೈಟು, ಮೊದಲ ರೀಲಿಗೇ ಶಿಳ್ಳೆ. ತಪ್ಪಲ್ಲ, ನಾನೂ ಹೊಡೆದಿದ್ದೇನೆ ಶಿಳ್ಳೆ! ಡ್ರೈ ವೈಟ್ ಅಂದರೆ 1977ರ ‘ಘಟಶ್ರಾದ್ಧ’. ಕಪ್ಪು-ಬಿಳುಪು, ಹಾಡಿಲ್ಲ, ಅಬ್ಬರವಿಲ್ಲ. ಮೊದಲು ಸಪ್ಪೆ ಎನಿಸುತ್ತೆ. ಥಿಯೇಟರಿನಿಂದ ಹೊರಗೆ ಬಂದ ಮೇಲೆ ಮಾತ್ರ ಬೆನ್ನು ಬಿಡುವುದಿಲ್ಲ. ಅದಕ್ಕೇ ತಾನೇ ಸ್ವರ್ಣಕಮಲ ಸಿಕ್ಕಿದ್ದು?

ಸಂಜೆ ಜಗಲಿಯಲ್ಲಿ ಕೂತೆವು. ಮಾವ ತಮ್ಮ ಮನೆಯ ಕಿತ್ತಳೆ ವೈನನ್ನೂ ತಂದಿಟ್ಟರು. ಅತ್ತೆ ಮೆಣಸು ಹಚ್ಚಿ ಹುರಿದ ಹೊಳೆ ಮೀನು ಬಡಿಸಿದರು. ನನ್ನ ಸೀಸೆಯ ಒಂದು ಗುಟುಕಿಗೇ ಮಾವನ ಹುಬ್ಬು ಗಂಟಾಯಿತು.

‘ಇದೇನು ಮಾರಾಯ, ನಿಂಬೆಹಣ್ಣು ಹಿಂಡಿದ್ದೀಯಾ?’

‘ಒಂದು ತುಂಡು ಮೀನು ತಿಂದು ಇನ್ನೊಂದು ಗುಟುಕು ನೋಡಿ ಮಾವ.’

ನೋಡಿದರು. ಮಾತಿಲ್ಲ. ಇನ್ನೊಂದು ತುಂಡು, ಇನ್ನೊಂದು ಗುಟುಕು. ಆಮೇಲೆ ತಾವೇ ಹೇಳಿದರು: ‘ಪಂದಿ ಕರಿಗೆ ಕಾಚಂಪುಳಿ ಕಡಿಮೆಯಾದರೆ ನಾವೇ ಸಪ್ಪೆ ಅಂತೀವಿ. ಗ್ಲಾಸಲ್ಲಿ ಹುಳಿ ಬಂದರೆ ಯಾಕಪ್ಪಾ ಮುಖ ಸಿಂಡರಿಸೋದು?’

ಅರ್ಧ ಪಾಠ ಅಲ್ಲೇ ಮುಗಿಯಿತು! ಹುರಿದ ಮೀನಿಗೆ ನಿಂಬೆ ಮಾಡುವ ಕೆಲಸವನ್ನೇ ಈ ವೈನ್ ಮಾಡುತ್ತದೆ. ಎಣ್ಣೆಯ ಜಿಡ್ಡನ್ನು ಕತ್ತರಿಸಿ ಬಾಯನ್ನು ಮುಂದಿನ ತುತ್ತಿಗೆ ತಯಾರು ಮಾಡುತ್ತದೆ.

ಉಳಿದರ್ಧ ಪಾಠ ಇಲ್ಲಿದೆ. ಹಣ್ಣಿನ ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿದರೆ ಅದೇ ‘ಡ್ರೈ’. ಯುರೋಪಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂಗಿಂತ ಹೆಚ್ಚು ಸಕ್ಕರೆ ಉಳಿಯಬಾರದು. ಸಕ್ಕರೆ ಹೋದ ಮೇಲೆ ಮುಖಕ್ಕೆ ಬಣ್ಣವಿಲ್ಲ, ಹಣ್ಣು ಇದ್ದ ಹಾಗೆ ಕಾಣುತ್ತದೆ. ಆಗ ಮುಂದೆ ಬರುವ ಹೀರೋ ಹುಳಿ. ಬಿಸಿ ಸೀಮೆಯಲ್ಲಿ ದ್ರಾಕ್ಷಿ ಬೇಗ ಹಣ್ಣಾಗಿ ತನ್ನ ಹುಳಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ತಂಪು ಸೀಮೆಯಲ್ಲಿ ನಿಧಾನವಾಗಿ ಹಣ್ಣಾಗಿ ಹುಳಿಯನ್ನು ಉಳಿಸಿಕೊಳ್ಳುತ್ತದೆ. ಕಾಫಿ ಬೆಳೆಯುವವರಿಗೆ ಇದು ಹೊಸದಲ್ಲ. ಎತ್ತರದ ತೋಟದ ಅರೇಬಿಕಾಕ್ಕೆ ಇರುವ ಆ ಚುರುಕು ಕೆಳಗಿನ ರೊಬಸ್ಟಾಕ್ಕೆ ಎಲ್ಲಿಂದ ಬರಬೇಕು?

ಹಾಗಾದರೆ ಕೊಡಗಿನಲ್ಲೇ ದ್ರಾಕ್ಷಿ ಬೆಳೆಯಬಾರದೇ? ಇಲ್ಲಿನ ಮಳೆ, ತೇವ, ತೋಟದ ನೆರಳು ಮೂರೂ ಆ ಬಳ್ಳಿಗೆ ವಿಲನ್‌ಗಳು. ನಮ್ಮ ರಾಜ್ಯದಲ್ಲಿ ಅದಕ್ಕೆ ಒಗ್ಗಿದ್ದು ನಂದಿಬೆಟ್ಟದ ಆಸುಪಾಸು. ದೊಡ್ಡಬಳ್ಳಾಪುರದ ಕಡೆ ಗ್ರೋವರ್ ದ್ರಾಕ್ಷಿತೋಟ ಶುರುವಾದದ್ದು 1988ರಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಹಗಲು ಬಿಸಿಲಿದ್ದರೂ ಚಳಿಗಾಲದ ರಾತ್ರಿ ತಂಪು. ಮಳೆ ಮುಗಿದ ಮೇಲೆ ಬಳ್ಳಿ ಸವರಿ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಹಣ್ಣು ಕೊಯ್ಯುತ್ತಾರೆ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೂ ತಂದಿತು.

ಆದರೆ ಈ ಜಾತಿಯ ಸೂಪರ್‌ಸ್ಟಾರ್ ಇರುವುದು ಫ್ರಾನ್ಸಿನ ಶಾಬ್ಲಿಯಲ್ಲಿ. ಅಲ್ಲಿನ ಚಳಿ ಎಂಥದು ಗೊತ್ತೇ? ವಸಂತದ ರಾತ್ರಿ ಹಿಮ ಬಿದ್ದು ಚಿಗುರು ಕರಟದಿರಲೆಂದು ಬಳ್ಳಿಗಳ ಸಾಲಿನ ನಡುವೆ ದೊಡ್ಡ ದೊಡ್ಡ ಮೇಣದ ದೀಪ ಹಚ್ಚಿಡುತ್ತಾರೆ. ಇಡೀ ಗುಡ್ಡವೇ ಲಕ್ಷದೀಪೋತ್ಸವ! ಅಲ್ಲಿನ ನೆಲದಲ್ಲಿ ಸುಮಾರು 15 ಕೋಟಿ ವರ್ಷ ಹಳೆಯ ಸುಣ್ಣಕಲ್ಲು, ಅದರೊಳಗೆ ಪುಟ್ಟ ಪುಟ್ಟ ಸಿಂಪಿಗಳ ಪಳೆಯುಳಿಕೆ. ಆ ವೈನ್ ಕುಡಿದವರು ‘ಕಲ್ಲಿನ ರುಚಿ’, ‘ಸೀಮೆಸುಣ್ಣ’, ‘ಸಮುದ್ರದ ಉಪ್ಪು’ ಎನ್ನುತ್ತಾರೆ. ಇದಕ್ಕೇ ‘ಮಿನರಲ್’ ಎಂಬ ಬಿರುದು.

ಕಲ್ಲು ಕರಗಿ ಸೀಸೆಗೆ ಇಳಿಯಿತೆಂದು ನಂಬಬೇಡಿ. ಬೇರು ಹೀರುವ ಖನಿಜ ತೀರಾ ಅತ್ಯಲ್ಪ, ಅದರ ರುಚಿ ನಾಲಿಗೆಗೆ ಸಿಗುವುದಿಲ್ಲ ಎನ್ನುತ್ತಾರೆ ಭೂವಿಜ್ಞಾನಿಗಳು. ಎದ್ದು ನಿಂತ ಹುಳಿ, ತೆರೆಮರೆಗೆ ಸರಿದ ಹಣ್ಣಿನ ವಾಸನೆ, ಕಡ್ಡಿ ಗೀರಿದಂಥ ಒಂದಿಷ್ಟು ಗಂಧಕದ ಘಮ — ಇವು ಸೇರಿ ಕಲ್ಲಿನ ನೆನಪು ತರುತ್ತವೆ. ತೆರೆಯ ಮೇಲಿನ ಮಳೆ ನಿಜವಾದ ಮಳೆಯಲ್ಲ, ಆದರೂ ನಮಗೆ ಚಳಿಯಾಗುವುದಿಲ್ಲವೇ? ಮೊದಲ ಮಳೆ ಬಿಸಿ ಬಂಡೆಗೆ ಬಿದ್ದಾಗಿನ ವಾಸನೆ ಗೊತ್ತಿರುವವನಿಗೆ ಈ ‘ಮಿನರಲ್’ ಪದವನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಕೇಳಿದ ಮಾವ ತಮ್ಮ ಗ್ಲಾಸನ್ನು ಬೆಳಕಿಗೆ ಹಿಡಿದರು. ಕೊಡಗಿನ ಕಿತ್ತಳೆ ಅಂದರೆ ಒಂದು ಕಾಲಕ್ಕೆ ಊರೂರಿಗೆ ಹೆಸರು. ರೋಗ ಬಡಿದು ಎಷ್ಟೋ ತೋಟಗಳಲ್ಲಿ ಮರ ಒಣಗಿದವು. ಮಾವನ ಬಳಿ ಉಳಿದದ್ದು ನಾಲ್ಕೇ ಮರ.

‘ಬಂದ ನೆಂಟರೆಲ್ಲ ಸಿಹಿ ಸಾಲದು, ಸಿಹಿ ಸಾಲದು ಅಂದ್ರು. ವರ್ಷಾ ವರ್ಷಾ ಸಕ್ಕರೆ ಜಾಸ್ತಿ ಮಾಡ್ತಾ ಬಂದೆ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದರಲ್ಲಿ ಕಿತ್ತಳೆ ಎಲ್ಲಿದೆ ಹೇಳು? ಇರೋ ನಾಲ್ಕು ಮರಾನೂ ನಾನೇ ಮುಳುಗಿಸಿಬಿಟ್ಟೆ ನೋಡು’ ಎಂದರು.

ಆ ಮಾತು ನನ್ನ ಎದೆಗೆ ನಾಟಿತು. ಮರವನ್ನು ರೋಗ ಕೊಂದಿತು, ರುಚಿಯನ್ನು ಸಕ್ಕರೆ ಕೊಂದಿತು. ಮುಂದಿನ ಕೊಯ್ಲಿಗೆ ಒಂದು ಭರಣಿಗಾದರೂ ಸಕ್ಕರೆ ಕಡಿಮೆ ಹಾಕಿ, ಯೀಸ್ಟ್ ತನ್ನ ಕೆಲಸ ಪೂರ್ತಿ ಮುಗಿಸುವವರೆಗೆ ಬಿಡುವುದೆಂದು ತೀರ್ಮಾನವಾಯಿತು. ಸಕ್ಕರೆಯೇ ಬೇಡವೆನ್ನುವಂತಿಲ್ಲ. ವೈನ್ ದ್ರಾಕ್ಷಿಗೆ ಹೋಲಿಸಿದರೆ ಕಿತ್ತಳೆಯಲ್ಲಿರುವುದು ಸುಮಾರು ಅರ್ಧದಷ್ಟು ಸಕ್ಕರೆ. ಸ್ವಲ್ಪವೂ ಸೇರಿಸದಿದ್ದರೆ ವೈನ್ ಬಲವಿಲ್ಲದೆ ಬೇಗ ಕೆಡುತ್ತದೆ.

ಇನ್ನು ನಿಮ್ಮ ಸರದಿ, ಗೆಳೆಯರೇ. ಡ್ರೈ ವೈಟ್ ಸಿಕ್ಕರೆ ಫ್ರಿಜ್ಜಿನಲ್ಲಿ ಎರಡು ಮೂರು ತಾಸು ಇಟ್ಟು, ತೆಗೆದ ಮೇಲೆ ಹತ್ತು ನಿಮಿಷ ಬಿಡಿ. 8ರಿಂದ 12 ಡಿಗ್ರಿ ಸಾಕು. ಐಸ್ ಹಾಕಿದರೆ ರುಚಿ ಸತ್ತಂತೆ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಸುರಿದು, ತಿರುಗಿಸಿ, ಮೂಸಿ, ಚಿಕ್ಕ ಗುಟುಕು ಹೀರಿ. ನಾಲಿಗೆಯ ಪಕ್ಕದಲ್ಲಿ ನೀರೂರಿದರೆ ಅದೇ ಹೀರೋ ಎಂಟ್ರಿ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು, ಮನಸ್ಸಿನಲ್ಲೇ ಎಣಿಸಿ. ಒಂದು ಸೀಸೆ ನಾಲ್ಕು ಜನಕ್ಕೆ ಧಾರಾಳ. ಕಿಕ್ಕೇ ಬೇಕೆನ್ನುವವರಿಗೆ ಇದು ಹೇಳಿಸಿದ್ದಲ್ಲ. ಕುಡಿದವನು ಬೈಕ್ ಮುಟ್ಟಬಾರದು.

ಲೇಬಲ್ ನೋಡಿ ಮರುಳಾಗುವವರು 2008ರ ಇಂಗ್ಲಿಷ್ ಪಿಕ್ಚರ್ ‘ಬಾಟಲ್ ಶಾಕ್’ ನೋಡಿ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ, ಫ್ರಾನ್ಸಿನ ತೀರ್ಪುಗಾರರೇ ಕ್ಯಾಲಿಫೋರ್ನಿಯಾದ ಬಿಳಿ ವೈನಿಗೆ ಮೊದಲ ಸ್ಥಾನ ಕೊಟ್ಟ ಕಥೆ ಅದು. ಪೋಸ್ಟರ್ ನೋಡಿ ಪಿಕ್ಚರ್ ಹೇಗಿದೆ ಅಂತ ಹೇಳೋಕಾಗುತ್ತಾ? ಒಳಗೆ ಕೂತು ಕೊನೆಯ ರೀಲಿನವರೆಗೂ ನೋಡಬೇಕು. ಏನಂತೀರಿ?