ಏಣಿಯಿಲ್ಲದ ಗೆಲುವು

ಏಣಿಗೂ ಚೆಂಡಾಟಕ್ಕೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಬ್ಯಾಸ್ಕೆಟ್‌ಬಾಲ್ ಆಟಕ್ಕಂತೂ ಹುಟ್ಟಿದ ದಿನದಿಂದಲೇ ಏಣಿಯ ನಂಟುಂಟು. 1891ರ ಚಳಿಗಾಲದಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಗೆ ಹೊರಗೆ ಆಡಲಾರದ ತಮ್ಮ ಶಿಷ್ಯರಿಗಾಗಿ ವ್ಯಾಯಾಮಶಾಲೆಯೊಳಗೆ ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಡಿಸಿ ಈ ಆಟವನ್ನು ಹೂಡಿದರು. ಬುಟ್ಟಿಗಳಿಗೆ ತಳವಿದ್ದಿತು. ಚೆಂಡು ಒಳಗೆ ಬಿದ್ದಾಗಲೆಲ್ಲ ಯಾರಾದರೊಬ್ಬರು ಏಣಿ ಹತ್ತಿ ಅದನ್ನು ತೆಗೆದುಕೊಡಬೇಕಾಗಿದ್ದಿತು. ಮುಂದೆ ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು, ಅದಕ್ಕೆ ತಳವಿಲ್ಲದ ಬಲೆ ಬಂದಿತು. ದಿನದ ಆಟಕ್ಕೆ ಏಣಿ ಬೇಡವಾಯಿತು. ಆದರೆ ಆ ದೇಶದ ಕಾಲೇಜುಗಳಲ್ಲಿ ಒಂದು ಸಂಪ್ರದಾಯ ಬೆಳೆದು ಬಂದಿದೆ. ವರ್ಷದ ಕೊನೆಯ ಪಂದ್ಯವನ್ನು ಗೆದ್ದ ಹುಡುಗರು ಏಣಿ ಹತ್ತಿ, ಆ ಬಲೆಯನ್ನು ಕತ್ತರಿಸಿ, ನೆನಪಿಗಾಗಿ ಮನೆಗೆ ಒಯ್ಯುತ್ತಾರೆ.

1966ನೆಯ ಇಸವಿ ಮಾರ್ಚಿ 19ರ ರಾತ್ರಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಕ್ರೀಡಾಮಂದಿರದಲ್ಲಿ ಗೆದ್ದು ನಿಂತ ಹುಡುಗರಿಗೆ ಏಣಿ ಬರಲಿಲ್ಲ. ಆ ಆಟಗಾರರೇ ಮುಂದೆ ನೆನೆದು ಹೇಳಿದ ಮಾತು ಇದು. ಕೊನೆಗೆ ನೆವಿಲ್ ಶೆಡ್ ಎಂಬ ನೀಳಕಾಯದ ಯುವಕನು, 5 ಅಡಿ 6 ಅಂಗುಲದ ವಿಲ್ಲಿ ವರ್ಸ್ಲಿಯನ್ನು ಮೇಲಕ್ಕೆತ್ತಿ ಹಿಡಿದನು. ವರ್ಸ್ಲಿ ಬಲೆಯನ್ನು ಕತ್ತರಿಸಿದನು. ಆ ವರ್ಷದ ಅವರ ಆಟದ ಕಥೆಯೆಲ್ಲವೂ ಈ ಒಂದು ಚಿತ್ರದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಆ ಹುಡುಗರ ಕಾಲೇಜು ಟೆಕ್ಸಾಸ್ ವೆಸ್ಟರ್ನ್. ಅದಿದ್ದುದು ಎಲ್ ಪಾಸೊ ನಗರದಲ್ಲಿ. ರಿಯೊ ಗ್ರಾಂಡ್ ನದಿಯನ್ನು ದಾಟಿದರೆ ಆಚೆಗೆ ಮೆಕ್ಸಿಕೊ ದೇಶ. 1914ರಲ್ಲಿ ಗಣಿವಿದ್ಯೆಯ ಶಾಲೆಯಾಗಿ ಆರಂಭವಾದ ಸಂಸ್ಥೆಯಾದುದರಿಂದ ಅದರ ತಂಡಕ್ಕೆ ‘ಗಣಿಗಾರರು’ ಎಂಬ ಹೆಸರು. 1961ರಲ್ಲಿ ಡಾನ್ ಹಾಸ್ಕಿನ್ಸ್ ಎಂಬವರು ತರಬೇತುದಾರರಾಗಿ ಅಲ್ಲಿಗೆ ಬಂದರು. ಅದಕ್ಕೆ ಮೊದಲು ಅವರು ಸಣ್ಣ ಊರುಗಳ ಪ್ರೌಢಶಾಲೆಗಳಲ್ಲಿ ಆಟ ಕಲಿಸಿದವರು. ಮೊದಮೊದಲು ಹೆಂಡತಿ ಮಕ್ಕಳೊಡನೆ ಹುಡುಗರ ವಿದ್ಯಾರ್ಥಿನಿಲಯದಲ್ಲೇ ಸಂಸಾರ ಹೂಡಿ, ಅಲ್ಲಿನ ಮೇಲ್ವಿಚಾರಣೆಯನ್ನೂ ನೋಡಿಕೊಂಡರು.

ಹಾಸ್ಕಿನ್ಸರ ಬಾಲ್ಯ ಕಳೆದುದು ಓಕ್ಲಹೋಮಾ ಪ್ರಾಂತದ ಈನಿಡ್ ಎಂಬ ಊರಿನಲ್ಲಿ. ಅಲ್ಲಿ ಅವರೊಡನೆ ಚೆಂಡಾಡುತ್ತಿದ್ದ ಕಪ್ಪು ವರ್ಣದ ಗೆಳೆಯನೊಬ್ಬನಿದ್ದನು. ಆಟದಲ್ಲಿ ಅವನು ಇವರಿಗೆ ಸರಿಸಮಾನ. ಆದರೆ ಕಾಲೇಜಿನ ಬಾಗಿಲು ತೆರೆದುದು ಇವರಿಗೆ ಮಾತ್ರ, ಗೆಳೆಯನಿಗೆ ತೆರೆಯಲಿಲ್ಲ. ಹಾಸ್ಕಿನ್ಸರು ವೃದ್ಧಾಪ್ಯದಲ್ಲಿಯೂ ಈ ಮಾತನ್ನು ಹೇಳಿಕೊಳ್ಳುತ್ತಿದ್ದರು. ಯಾವ ನ್ಯಾಯವನ್ನೂ ವೇದಿಕೆಯ ಮೇಲೆ ನಿಂತು ಸಾರದ ಆ ಮನುಷ್ಯನಿಗೆ, ಒಂದು ಅನ್ಯಾಯದ ನೆನಪು ಮಾತ್ರ ಮಾಸಿರಲಿಲ್ಲ.

ಆ ಕಾಲದಲ್ಲಿ ಅಮೆರಿಕದ ದಕ್ಷಿಣ ಭಾಗದ ದೊಡ್ಡ ವಿಶ್ವವಿದ್ಯಾನಿಲಯಗಳು ಅನೇಕವು ತಮ್ಮ ತಂಡಗಳಲ್ಲಿ ಕಪ್ಪು ವರ್ಣದವರನ್ನು ಸೇರಿಸುತ್ತಲೇ ಇರಲಿಲ್ಲ. ಸೇರಿಸಿಕೊಂಡ ಕಡೆಗಳಲ್ಲಿಯೂ ಬರೆಯದ ಕಟ್ಟಳೆಯೊಂದು ಇದ್ದಿತು: ತವರೂರಿನ ಪಂದ್ಯಕ್ಕೆ ಇಬ್ಬರು, ಪರಸ್ಥಳದಲ್ಲಾದರೆ ಮೂವರು, ಸೋಲು ಹತ್ತಿರ ಬಂದರೆ ನಾಲ್ವರು ಎಂದು ಜನ ಆಡಿಕೊಳ್ಳುತ್ತಿದ್ದರು. ಐವರನ್ನೂ ಒಟ್ಟಿಗೆ ಇಳಿಸುವ ಮಾತೇ ಇಲ್ಲ. ಅವರು ಓಡಬಲ್ಲರು, ನೆಗೆಯಬಲ್ಲರು. ಆದರೆ ಶಿಸ್ತಿನಿಂದ ಆಡಲಾರರು, ಇಕ್ಕಟ್ಟಿನಲ್ಲಿ ಧೈರ್ಯಗೆಡುವರು ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದ್ದಿತು.

ಹಾಸ್ಕಿನ್ಸರು ಈ ಲೆಕ್ಕಾಚಾರಕ್ಕೆ ಕಿವಿಗೊಡಲಿಲ್ಲ. ನ್ಯೂಯಾರ್ಕ್ ನಗರದಿಂದ ವರ್ಸ್ಲಿ, ಶೆಡ್, ವಿಲ್ಲಿ ಕೇಗರ್ ಬಂದರು. ಉಕ್ಕಿನ ಕಾರ್ಖಾನೆಗಳ ಊರಾದ ಗ್ಯಾರಿಯಿಂದ ಹ್ಯಾರಿ ಫ್ಲರ್ನಾಯ್, ಆರ್ಸ್ಟನ್ ಆರ್ಟಿಸ್. ಹ್ಯೂಸ್ಟನ್ನಿನಿಂದ ಡೇವಿಡ್ ಲ್ಯಾಟಿನ್. ಡೆಟ್ರಾಯಿಟಿನ ಕಡೆಯಿಂದ ಬಾಬಿ ಜೋ ಹಿಲ್. ತಂಡದಲ್ಲಿ ಬಿಳಿಯ ಹುಡುಗರೂ ಇದ್ದರು, ಮೆಕ್ಸಿಕನ್ ಮೂಲದವನೊಬ್ಬನೂ ಇದ್ದನು. ಹಾಸ್ಕಿನ್ಸರು ಹಳೆಯ ಪಂಥದ ಗುರುವಾದ ಹೆನ್ರಿ ಐಬಾ ಅವರ ಶಿಷ್ಯರು. ಎದುರಾಳಿಯನ್ನು ತಡೆಯುವುದೇ ಅವರು ಕಲಿಸಿದ ಮೊದಲ ಪಾಠ. ಅಭ್ಯಾಸದಲ್ಲಿ ಅವರು ಎಷ್ಟು ನಿಷ್ಠುರರೋ ಅಷ್ಟೇ ಸಮದರ್ಶಿಗಳು. ಅವರ ಗದರಿಕೆಗೆ ಬಣ್ಣದ ಭೇದವಿರಲಿಲ್ಲ.

1965ರ ಚಳಿಗಾಲದಲ್ಲಿ ಆಟ ಆರಂಭವಾಯಿತು. ತಂಡ ಸತತವಾಗಿ 23 ಪಂದ್ಯಗಳನ್ನು ಗೆದ್ದಿತು. ಮಾರ್ಚಿ 5ರಂದು ಸಿಯಾಟ್ಲ್ ತಂಡದೆದುರು 74–72ರಿಂದ ಸೋತಿತು. ಇಡೀ ವರ್ಷದಲ್ಲಿ ಅದೊಂದೇ ಸೋಲು. ಅನಂತರ ರಾಷ್ಟ್ರೀಯ ಸ್ಪರ್ಧೆ. ಅಲ್ಲಿ ಒಮ್ಮೆ ಸೋತವರು ಗಂಟು ಕಟ್ಟಬೇಕು. ಮೊದಲ ಪಂದ್ಯ ಸಲೀಸಾಗಿ ದಾಟಿತು. ಸಿನ್ಸಿನಾಟಿಯೆದುರು ಹೆಚ್ಚುವರಿ ಅವಧಿಯಲ್ಲಿ ಎರಡೇ ಅಂಕಗಳ ಗೆಲುವು. ಕಾನ್ಸಾಸ್ ತಂಡದೊಡನೆ ಆಡುವಾಗ, ಮೊದಲನೆಯ ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ ಜೋ ಜೋ ವೈಟ್ ಎಂಬ ಆಟಗಾರನು ದೂರದಿಂದ ಎಸೆದ ಚೆಂಡು ಬಳೆಯೊಳಗೆ ಬಿದ್ದೇಬಿಟ್ಟಿತು. ಎಲ್ಲ ಮುಗಿಯಿತೆನ್ನುವಷ್ಟರಲ್ಲಿ, ಅವನ ಕಾಲು ಗೆರೆಯನ್ನು ಮೆಟ್ಟಿತ್ತೆಂದು ತೀರ್ಪುಗಾರರು ಸಾರಿದರು. ಎರಡನೆಯ ಹೆಚ್ಚುವರಿ ಅವಧಿ ನಡೆದು 81–80ರಲ್ಲಿ ಪಂದ್ಯ ಇತ್ಯರ್ಥವಾಯಿತು. ಹೀಗೆ ಕೂದಲೆಳೆಯಲ್ಲಿ ಪಾರಾದ ತಂಡ, ಯೂಟಾವನ್ನೂ ಸೋಲಿಸಿ ಕೊನೆಯ ಪಂದ್ಯವನ್ನು ಮುಟ್ಟಿತು. ಯೂಟಾದ ಹೆಸರಾಂತ ಆಟಗಾರ ಜೆರಿ ಚೇಂಬರ್ಸನನ್ನು ತಡೆಯುವುದರಲ್ಲಿ ನೆರವಾದವನು ಜೆರಿ ಆರ್ಮ್‌ಸ್ಟ್ರಾಂಗ್ ಎಂಬ ಬಿಳಿಯ ಯುವಕ.

ಕೊನೆಯ ಪಂದ್ಯದಲ್ಲಿ ಎದುರು ನಿಂತುದು ಕೆಂಟಕಿ. ಅದರ ತರಬೇತುದಾರ ಅಡಾಲ್ಫ್ ರಪ್ ಅದಾಗಲೇ ನಾಲ್ಕು ಬಾರಿ ರಾಷ್ಟ್ರದ ಕಿರೀಟವನ್ನು ಗೆದ್ದಿದ್ದವರು. ತಂಡದಲ್ಲಿ ಇದ್ದವರೆಲ್ಲ ಬಿಳಿಯರು. ಹಾಸ್ಕಿನ್ಸರು ಮೊದಲಿಗೆ ಕಣಕ್ಕಿಳಿಸಿದ ಐವರೂ ಕಪ್ಪು ವರ್ಣದವರು. ರಾಷ್ಟ್ರೀಯ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ಆ ರಾತ್ರಿ ಆಡಿದ್ದು ಏಳೇ ಮಂದಿ. ಏಳು ಮಂದಿಯೂ ಕಪ್ಪು ವರ್ಣದವರೇ. ಹಿಂದಿನ ದಿನ ಅಷ್ಟು ದುಡಿದ ಆರ್ಮ್‌ಸ್ಟ್ರಾಂಗ್ ಅಂದು ಬೆಂಚಿನಲ್ಲಿಯೇ ಕುಳಿತನು. ಗೆಲುವಿನ ಹಂಚಿಕೆಯಲ್ಲಿ ಅವನ ಪಾಲೂ ಇದೆಯೆಂಬುದನ್ನು ಮರೆಯಲಾಗದು.

ಆಟದ ಆರಂಭದಲ್ಲಿಯೇ ಲ್ಯಾಟಿನ್ ನೆಗೆದು, ಅಡ್ಡ ಬಂದವರ ತಲೆಯ ಮೇಲಿನಿಂದ ಚೆಂಡನ್ನು ಬಳೆಯೊಳಕ್ಕೆ ಅಪ್ಪಳಿಸಿದನು. ಸ್ವಲ್ಪ ಹೊತ್ತಿನಲ್ಲಿ ಹಿಲ್, ಕೆಲವೇ ಕ್ಷಣಗಳ ಅಂತರದಲ್ಲಿ ಎರಡು ಸಲ, ಎದುರಾಳಿಗಳ ಕೈಯಿಂದ ಚೆಂಡನ್ನು ಕಸಿದುಕೊಂಡು ಒಂಟಿಯಾಗಿ ಓಡಿ ಅಂಕ ಗಳಿಸಿದನು. ಕೊನೆಗೆ 72–65. ಹಿಲ್‌ನ ಪಾಲು 20 ಅಂಕ.

ಆದರೆ ಆ ರಾತ್ರಿಯ ನಿಜವಾದ ಸೋಜಿಗ ಅಂಕಪಟ್ಟಿಯಲ್ಲಿ ಅಡಗಿದೆ. ಆಡುತ್ತ ಆಡುತ್ತ ಬಳೆಗೆ ಚೆಂಡು ಹಾಕಿದ್ದರಲ್ಲಿ ಕೆಂಟಕಿಯದೇ ಮೇಲುಗೈ. ಅವರದು 27, ಇವರದು 22. ವ್ಯತ್ಯಾಸವಾದುದು ಫ್ರೀ ಥ್ರೋಗಳಲ್ಲಿ. ಎದುರಾಳಿ ತಪ್ಪೆಸಗಿದಾಗ ದೊರೆಯುವ ಅವಕಾಶ ಅದು. ಆಟವೆಲ್ಲ ನಿಂತಿರುತ್ತದೆ, ಸಭೆಯ ಕಣ್ಣೆಲ್ಲ ಒಬ್ಬನ ಮೇಲಿರುತ್ತದೆ, ಅವನು ಗೆರೆಯ ಹಿಂದೆ ನಿಂತು ಒಂಟಿಯಾಗಿ ಎಸೆಯಬೇಕು. ಅಲ್ಲಿ ಓಟವೂ ಇಲ್ಲ, ನೆಗೆತವೂ ಇಲ್ಲ. ಬೇಕಾದುದು ಮನಸ್ಸಿನ ಸ್ಥಿಮಿತವೊಂದೇ. ಟೆಕ್ಸಾಸ್ ವೆಸ್ಟರ್ನ್ ಹುಡುಗರು 34ರಲ್ಲಿ 28ನ್ನು ಗುರಿ ಮುಟ್ಟಿಸಿದರು. ಇಕ್ಕಟ್ಟಿನಲ್ಲಿ ಧೈರ್ಯಗೆಡುವರೆಂದು ಯಾರನ್ನು ಲೋಕ ಹೇಳಿತ್ತೋ, ಅವರು ಪಂದ್ಯವನ್ನು ಗೆದ್ದುದು ಧೈರ್ಯದಿಂದಲೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಕೇಳುವವರಿಗೆ ಹಿತವಾಗಿರುತ್ತಿತ್ತು. ಆದರೆ ಏಣಿ ಬಾರದುದು ಆ ಒಂದು ರಾತ್ರಿ ಮಾತ್ರವಲ್ಲ. ಹಾಸ್ಕಿನ್ಸರಿಗೆ ದ್ವೇಷದ ಕಾಗದಗಳು ಬರತೊಡಗಿದವು; ಒಂದು ಕಡೆಯವರು ಜಾತಿದ್ರೋಹಿಯೆಂದು ಬೈದರು, ಇನ್ನೊಂದು ಕಡೆಯವರು ಬಡ ಹುಡುಗರನ್ನು ದುಡಿಸಿಕೊಂಡವನೆಂದು ಬೈದರು. ಆ ಕಿರೀಟ ಬರದಿದ್ದರೇ ಚೆನ್ನಾಗಿತ್ತೇನೋ ಎಂದು ಒಂದು ಕಾಲಕ್ಕೆ ತಮಗನ್ನಿಸಿತ್ತೆಂದು ಅವರೇ ಹೇಳಿಕೊಂಡರು. 1967ರಲ್ಲಿ ಕಾಲೇಜಿನ ಹೆಸರು ಬದಲಾಗಿ ಎಲ್ ಪಾಸೊದ ಟೆಕ್ಸಾಸ್ ವಿಶ್ವವಿದ್ಯಾನಿಲಯವೆಂದಾಯಿತು. ಮರುವರ್ಷ, ಅದೇ ಸಂಸ್ಥೆಯ ಕಪ್ಪು ವರ್ಣದ ಓಟಗಾರರು ತಮ್ಮ ಜನರನ್ನು ಕೀಳಾಗಿ ಕಾಣುವರೆಂದು ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದೊಡನೆ ಸ್ಪರ್ಧಿಸಲು ಒಪ್ಪದಿದ್ದಾಗ, ಅವರನ್ನು ತಂಡದಿಂದ ಹೊರಹಾಕಲಾಯಿತು. ಅವರಲ್ಲೊಬ್ಬನು ಬಾಬ್ ಬೀಮನ್. ಅದೇ ವರ್ಷ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ 8.90 ಮೀಟರು ಜಿಗಿದು ಲೋಕವನ್ನು ಬೆರಗುಗೊಳಿಸಿದವನು. ಅದೇ 1968ರಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆ, ಇಂಥ ಆಟಗಾರರಿಂದ ಕೀರ್ತಿ ಪಡೆದ ಕಾಲೇಜುಗಳು ಅವರ ವಿದ್ಯೆಯ ಯೋಚನೆಯನ್ನೇ ಮಾಡಲಿಲ್ಲವೆಂದು ಲೇಖನಮಾಲೆಯಲ್ಲಿ ಆಕ್ಷೇಪಿಸಿತು. ಎಲ್ ಪಾಸೊದ ಹೆಸರೂ ಅದರಲ್ಲಿ ಬಂದಿತು. ಹತ್ತಿದ ಮೇಲೆ ಏಣಿಯನ್ನು ಒದೆಯುವುದೆಂದು ನಮ್ಮ ಹಿರಿಯರು ಹೇಳುವುದು ಇದನ್ನೇ.

ಆದರೂ ಆ ಗೆಲುವು ವ್ಯರ್ಥವಾಗಲಿಲ್ಲ. ದಕ್ಷಿಣದ ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದವು. 1967ರ ಕೊನೆಯಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಪೆರಿ ವ್ಯಾಲೆಸ್, ಕೆಂಟಕಿ ಆಡುತ್ತಿದ್ದ ಕೂಟದಲ್ಲೇ ಆಡಿದ ಮೊದಲ ಕಪ್ಪು ಆಟಗಾರನಾದನು. 1970ರಲ್ಲಿ ಕೆಂಟಕಿಯ ಪರವಾಗಿ, ರಪ್ ಅವರ ಕೈಕೆಳಗೇ, ಕಪ್ಪು ವರ್ಣದ ಯುವಕನೊಬ್ಬನು ಕಣಕ್ಕಿಳಿದನು. ಬದಲಾವಣೆಗೆ ಕಾರಣಗಳು ಹಲವು. ಆದರೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತ ಆ ರಾತ್ರಿಯೂ ಅವುಗಳಲ್ಲಿ ಒಂದು.

ಆ ಹುಡುಗರು ಮುಂದೆ ತಮ್ಮ ತಮ್ಮ ಬದುಕನ್ನು ತಾವೇ ಕಟ್ಟಿಕೊಂಡರು. ಆರ್ಟಿಸ್ ತನ್ನೂರಾದ ಗ್ಯಾರಿಯಲ್ಲಿ ಪೊಲೀಸು ಅಧಿಕಾರಿಯಾದನು. ಹಿಲ್ ಎಲ್ ಪಾಸೊದಲ್ಲೇ ಉಳಿದು ಅನಿಲ ಕಂಪನಿಯೊಂದರಲ್ಲಿ ಕೆಲಸ ಮಾಡಿದನು, 2002ರಲ್ಲಿ ತೀರಿಕೊಂಡನು. ಹಾಸ್ಕಿನ್ಸರು 1999ರವರೆಗೂ ಅದೇ ಸಂಸ್ಥೆಯಲ್ಲಿ ಕಲಿಸಿದರು. ಆ ಐವರನ್ನು ಏಕೆ ಇಳಿಸಿದಿರೆಂದು ಯಾರು ಎಷ್ಟು ಸಲ ಕೇಳಿದರೂ, ತಮ್ಮಲ್ಲಿದ್ದ ಉತ್ತಮ ಆಟಗಾರರನ್ನು ಆಡಿಸಿದೆ ಎಂಬುದಿಷ್ಟೇ ಅವರ ಉತ್ತರ. ದೊಡ್ಡ ಮಾತು ಅವರ ಬಾಯಿಂದ ಬರಲಿಲ್ಲ. ಅರ್ಹನಾದವನಿಗೆ ಅವನ ಎಡೆಯನ್ನು ಕೊಡುವುದು ಉಪಕಾರವಲ್ಲವೆಂದು ಅವರು ತಿಳಿದಿದ್ದಂತೆ ತೋರುತ್ತದೆ.

2007ರಲ್ಲಿ ಆ ತಂಡ ಇಡಿಯಾಗಿ ಬ್ಯಾಸ್ಕೆಟ್‌ಬಾಲ್ ಆಟದ ಕೀರ್ತಿಮಂದಿರವನ್ನು ಸೇರಿತು. ಆ ಮಂದಿರಕ್ಕೆ ನೈಸ್ಮಿತ್ ಅವರ ಹೆಸರು. ಅದಿರುವುದು ಪೀಚ್ ಬುಟ್ಟಿಗಳ ಊರಾದ ಸ್ಪ್ರಿಂಗ್‌ಫೀಲ್ಡಿನಲ್ಲಿ. ಆ ಗೌರವವನ್ನು ಕಂಡು, ಮರುವರ್ಷ ಹಾಸ್ಕಿನ್ಸರು ಕಣ್ಮುಚ್ಚಿದರು. ಏಣಿ ಬಂದಿತು, ಆದರೆ ಬರುವುದಕ್ಕೆ 41 ವರ್ಷಗಳು ಹಿಡಿದವು. ಅಷ್ಟರಲ್ಲಿ ಬಾಬಿ ಜೋ ಹಿಲ್ ಇರಲಿಲ್ಲ.