ನೋಡುವ ವಿದ್ಯೆ

ಕಣ್ಣಿದ್ದ ಮಾತ್ರಕ್ಕೆ ನೋಡಲು ಬರುವುದೆಂದು ನಾನು ಬಹುಕಾಲ ನಂಬಿದ್ದೆನು. ಇಪ್ಪತ್ತು ವರ್ಷ ಉಪಾಧ್ಯಾಯನಾಗಿದ್ದವನಿಗೆ ಈ ನಂಬಿಕೆ ಸಹಜವೇ ಸರಿ. ತರಗತಿಯ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ, ಶ್ರದ್ಧಾವಂತರು ಯಾರು, ಚಂಚಲರು ಯಾರು ಎಂದು ಹೇಳಿಬಿಡುವೆನೆಂಬ ಹಮ್ಮು ನನಗಿದ್ದಿತು. ನ್ಯಾಮತಿ ಸೀಮೆಯ ಶಾಲೆಯೊಂದರಲ್ಲಿದ್ದಾಗ, ಆ ಹಮ್ಮಿನಲ್ಲಿಯೇ, ಹೊನ್ನಾಳಿಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗನ ಪ್ರಗತಿಪತ್ರದಲ್ಲಿ “ಸದಾ ಅಲಕ್ಷ್ಯ” ಎಂದು ಬರೆದೆನು. ಅವನ ತಂದೆ ಅದನ್ನು ಯಾರಿಂದಲೋ ಓದಿಸಿ ಕೇಳಿ, ಓದು ಇವನಿಗೆ ಒಗ್ಗದು, ಮುಂದಿನ ವರ್ಷ ಅಡಕೆ ಸುಲಿಯುವ ಕೆಲಸಕ್ಕೆ ಹಚ್ಚುವೆನೆಂದು ಹೇಳಿಕಳುಹಿಸಿದನು.

ವರ್ತನೆಯನ್ನು ಅಳೆಯುವ ಶಾಸ್ತ್ರವು ನಮ್ಮ ನಾಡಿಗೆ ಹೊಸದಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತುಬಂದ ಶ್ರೀ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1924ರಲ್ಲಿಯೇ ಮನಶ್ಶಾಸ್ತ್ರದ ವಿಭಾಗವನ್ನು ತೆರೆಯಿತು. ಆದರೆ ನನಗೆ ಆ ಶಾಸ್ತ್ರದ ಮೊದಲ ಪಾಠ ದೊರೆತುದು ಕಾಡಿನಲ್ಲಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅರಣ್ಯವು 2011ರಲ್ಲಿ ಕೊಂಡುಕುರಿಯ ಸಲುವಾಗಿ ವನ್ಯಧಾಮವಾಯಿತಷ್ಟೆ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸುತ್ತಿದ್ದ ತರುಣ ಬಂಧುವೊಬ್ಬನೊಡನೆ ಅಲ್ಲಿಗೆ ಹೋಗಿದ್ದೆನು. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿ ದಿನವೆಲ್ಲ ಕಣ್ಣಿಗೆ ಬೀಳಲಿಲ್ಲ. ನಾನು ನಿರಾಶನಾದೆನು, ಅವನಾಗಲಿಲ್ಲ. ಕೊಂಡುಕುರಿಯು ಒಂದೇ ಎಡೆಗೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದರಿಂದ, ಆ ಗುಪ್ಪೆಗಳನ್ನು ಗುರುತುಮಾಡಿಕೊಳ್ಳುತ್ತ ಅವನು ನಡೆದನು. ಕಾಣಲಿಲ್ಲವೆಂದರೆ ಇಲ್ಲವೆಂದಲ್ಲ.

ಹಿಂದಿರುಗುವಾಗ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ಕುಳಿತೆವು. “ಆ ಬೆಳ್ಳಕ್ಕಿಗಳು ಮಾಡುವುದನ್ನು ಬರೆಯಿರಿ” ಎಂದನು. ನಾನು ಅರ್ಧ ಗಂಟೆ ಬರೆದೆನು: ಒಂದು ಮೀನು ಹಿಡಿಯಿತು, ಎರಡು ಜಗಳವಾಡಿದುವು, ಇನ್ನೊಂದು ಹಾರಿತು. ಅವನು ಐದೈದು ನಿಮಿಷಕ್ಕೊಮ್ಮೆ ಎಡದಿಂದ ಬಲಕ್ಕೆ ಪ್ರತಿಯೊಂದು ಹಕ್ಕಿಯನ್ನೂ ನೋಡಿ, ಆ ಕ್ಷಣದಲ್ಲಿ ಅದು ಮಾಡುತ್ತಿದ್ದುದನ್ನು ಮಾತ್ರ ಗುರುತುಹಾಕಿದ್ದನು. ಅವನ ಲೆಕ್ಕದಂತೆ ಹಕ್ಕಿಗಳು ಬಹುಹೊತ್ತು ಸುಮ್ಮನೆ ನಿಂತಿದ್ದುವು. ಅದನ್ನು ನಾನು ಒಮ್ಮೆಯೂ ಬರೆದಿರಲಿಲ್ಲ!

ಕೀನ್ಯಾದಲ್ಲಿ ಬಬೂನು ಕೋತಿಗಳನ್ನು ಅಭ್ಯಸಿಸಿದ ಜೀನ್ ಆಲ್ಟ್‌ಮನ್ ಎಂಬ ವಿದುಷಿ 1974ರಲ್ಲಿ ಈ ಕ್ರಮಗಳನ್ನೆಲ್ಲ ತೂಗಿನೋಡಿ ಬರೆದರು. ತೋಚಿದಂತೆ ಬರೆದುಕೊಂಡರೆ ಎದ್ದುಕಾಣುವ ವರ್ತನೆಯೇ ಹಾಳೆಯನ್ನು ತುಂಬುತ್ತದೆ. ನಮ್ಮ ಬೆಂಗಳೂರಿನಲ್ಲಿಯೇ ಶ್ರೀ ರಾಘವೇಂದ್ರ ಗದಗಕರ್ ಅವರು ಕಣಜಗಳಿಗೆ ಬಣ್ಣದ ಚುಕ್ಕೆಯಿಟ್ಟು, ಒಂದೊಂದೂ ಯಾವ ಕೆಲಸದಲ್ಲಿ ಎಷ್ಟು ಹೊತ್ತು ಕಳೆಯುವುದೆಂದು ಅಳೆದು, ಕುಳಿತಿರುವವು, ಕಾದಾಡುವವು, ಆಹಾರ ತರುವವು ಎಂದು ವಿಂಗಡಿಸಿದರು. ಅವರು ಕಂಡ ಒಂದು ಜಾತಿಯಲ್ಲಿ ರಾಣಿಯು ಕಾದಾಡುವವರ ಗುಂಪಿನಲ್ಲಿರಲಿಲ್ಲ. ಸುಮ್ಮನೆ ಕುಳಿತಿರುವವರ ಗುಂಪಿನಲ್ಲಿದ್ದಳು.

ಶಾಲೆಗೆ ಮರಳಿದ ಮೇಲೆ, ಮತ್ತೊಬ್ಬರು ಪಾಠಹೇಳುತ್ತಿರಲು, ನಾನೂ ಒಬ್ಬ ಸಹೋದ್ಯೋಗಿಯೂ ಹಿಂದೆ ಕುಳಿತು, ಎರಡೆರಡು ನಿಮಿಷಕ್ಕೆ ಸಾಲುಸಾಲಾಗಿ ಎಲ್ಲ ಮಕ್ಕಳನ್ನೂ ನೋಡಿ “ಅಲಕ್ಷ್ಯ”ವನ್ನು ಗುರುತುಹಾಕಿದೆವು. ಹಾಳೆಗಳೆರಡೂ ತಾಳೆಯಾಗಲಿಲ್ಲ. ಕಿಟಕಿಯತ್ತ ನೋಡುವುದು ನನಗೆ ಅಲಕ್ಷ್ಯ, ಅವರಿಗೆ ಆಲೋಚನೆ. ಅಲಕ್ಷ್ಯವೆಂಬುದು ವರ್ತನೆಯಲ್ಲ, ತೀರ್ಪು ಎಂದು ಆಗ ಹೊಳೆಯಿತು. ಆ ಮಾತನ್ನು ಬಿಟ್ಟು, ಎಡೆಬಿಟ್ಟು ಏಳುವುದು, ನೆರೆಯವರೊಡನೆ ಮಾತನಾಡುವುದು, ಪುಸ್ತಕದಿಂದಲೂ ಹಲಗೆಯಿಂದಲೂ ಕಣ್ಣು ತೆಗೆಯುವುದು ಎಂದು ಮೂರನ್ನು ಗೊತ್ತುಮಾಡಿಕೊಂಡೆವು. ಈ ಸಲ ಹಾಳೆಗಳು ಬಹುಮಟ್ಟಿಗೆ ತಾಳೆಯಾದುವು. ಬರಿಯ ಆಕಸ್ಮಿಕದಿಂದಲೂ ಇಬ್ಬರ ಗುರುತು ಕೂಡಬಹುದಷ್ಟೆ. ಅದನ್ನು ಕಳೆದು ಉಳಿದ ಒಮ್ಮತವನ್ನು ಲೆಕ್ಕಹಾಕುವ ಸೂತ್ರವನ್ನು ಜೇಕಬ್ ಕೋಹೆನ್ ಎಂಬವರು 1960ರಲ್ಲಿ ಕೊಟ್ಟಿದ್ದಾರೆ. ಅದನ್ನೂ ಕಲಿತು ಪ್ರಯೋಗಿಸಿದೆವು.

ಒಂದು ವಾರದ ಹಾಳೆಗಳನ್ನು ಕೂಡಿಸಿನೋಡಿದಾಗ, ಆ ಹುಡುಗನ ಗುರುತುಗಳು ನೆರೆಯವರವಕ್ಕಿಂತ ಹೆಚ್ಚಾಗಿರಲಿಲ್ಲ. ಅವನು ಕುಳಿತಿದ್ದ ಬೆಂಚಿನ ಕಾಲು ಕುಂಟು. ಅವನು ತುಸು ಅಲುಗಿದರೂ ಅದು ಸದ್ದುಮಾಡುತ್ತಿದ್ದಿತು. ಆ ಬೆಂಚಿನ ಸದ್ದನ್ನು ನಾನು ಅವನ ಸ್ವಭಾವವೆಂದು ಬರೆದಿದ್ದೆನು.

ಮರುದಿನವೇ ಹೊನ್ನಾಳಿಯ ಕಡೆಗೆ ಹೋಗಿ ಆ ತಂದೆಯನ್ನು ಕಂಡು, ತಪ್ಪು ನನ್ನದೆಂದು ಹೇಳಿ ಹಾಳೆಗಳನ್ನು ಮುಂದಿಟ್ಟೆನು. ಅವನು ಅವನ್ನು ಮುಟ್ಟಲಿಲ್ಲ. “ಮೊದಲೇ ಎಣಿಸಬಾರದಿತ್ತೆ, ಸ್ವಾಮಿ?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನೇನೋ ಮುಂದಿನ ವರ್ಷವೂ ಶಾಲೆಗೆ ಬಂದನು. ಅಂದಿನಿಂದ ಪ್ರಗತಿಪತ್ರದ ಮೇಲೆ ಲೇಖನಿಯನ್ನಿಡುವಾಗಲೆಲ್ಲ ಆ ಪ್ರಶ್ನೆ ನನಗೆ ಕೇಳಿಸುತ್ತದೆ.